ದೊಡ್ಡಕ್ಕನ ಪಾಳಿ, ನನ್ನ ಸಹಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ನಮ್ಮ ಆಸ್ಪತ್ರೆಯ ನಿರ್ದೇಶಕರೇ, ಬಿಡುವು ಮಾಡಿಕೊಂಡು ಬಂದಿರುವ ಅತಿಥಿಗಳೇ, ಮುಂದಿನ ಸಾಲಿನಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುವ ದೊಡ್ಡಕ್ಕ, ಅವರ ಮಗಳು ಮತ್ತು ಅಳಿಯ, ಸಹೋದ್ಯೋಗಿಗಳೇ, ಸಭಿಕರೇ,

ಈ ಭಾಷಣದ ಮೊದಲ ಕರಡು ಎರಡೂವರೆ ಪುಟ ಇತ್ತು. ಅದರಲ್ಲಿ ದೊಡ್ಡಕ್ಕನ ಇಪ್ಪತ್ತಾರು ವರ್ಷಗಳ ಸೇವೆ ಇತ್ತು, ಅವರ ತಾಳ್ಮೆ ಇತ್ತು, ಎರಡು ನಗೆಮಾತು ಇದ್ದವು, ಕೊನೆಯಲ್ಲಿ ನಿವೃತ್ತಿ ಜೀವನ ಸುಖವಾಗಿರಲಿ ಎಂಬ ಹಾರೈಕೆ ಇತ್ತು. ನನ್ನ ಅಣ್ಣ ಇರಲಿಲ್ಲ. ಅವನನ್ನು ಬಿಟ್ಟು ಮುಗಿಸಿಬಿಡಬಹುದಿತ್ತು, ಯಾರಿಗೂ ಕೊರತೆ ಕಾಣುತ್ತಿರಲಿಲ್ಲ. ಆ ಕರಡು ಈಗಲೂ ನನ್ನ ಚೀಲದಲ್ಲಿದೆ. ಮೆಟ್ಟಿಲು ಹತ್ತುವಾಗ ಕೈಗೆ ಸಿಕ್ಕಿದ್ದನ್ನು ಓದುತ್ತಿದ್ದೇನೆ ಎಂದರೆ ಅದೂ ಸುಳ್ಳಾಗುತ್ತದೆ. ಆರಿಸಿಕೊಂಡೇ ತಂದಿದ್ದೇನೆ.

ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಇದನ್ನು ಮನೆಮಾತಿನಲ್ಲಿ ಬರೆಯಲು ಹನ್ನೆರಡು ದಿನ ಹಿಡಿಯಿತು. ನಮ್ಮ ವೃತ್ತಿಯ ಇಂಗ್ಲಿಷಿನಲ್ಲಿ ತಪ್ಪನ್ನು ಯಾರೂ ಮಾಡುವುದಿಲ್ಲ, ಅದು ತಾನಾಗಿ ನಡೆದಿರುತ್ತದೆ. ಮನೆಮಾತಿನಲ್ಲಿ ಬರೆಯಲು ಕುಳಿತರೆ 'ಯಾರು?' ಎಂದು ಪ್ರತಿ ಸಾಲೂ ಕೇಳುತ್ತದೆ. ಹಾಗಾಗಿ ತಡವಾಯಿತು, ಪುಟಗಳೂ ಹೆಚ್ಚಾದವು. ನಿರೂಪಕರು ಗಡಿಯಾರ ನೋಡುವುದು ಬೇಡ.

ನಮ್ಮದು ನಿದ್ದೆಯ ವಿಭಾಗ. ಹೊಸಬರಿಗೆ ನಮ್ಮನ್ನು ಪರಿಚಯ ಮಾಡಿಸುವಾಗ ನಿರ್ದೇಶಕರು ಒಂದು ಮಾತು ಹೇಳುತ್ತಾರೆ: ಕೆಲಸದ ಹೊತ್ತಿನಲ್ಲಿ ನಿದ್ದೆ ಎಲ್ಲ ವಿಭಾಗಗಳಲ್ಲೂ ಇದೆ, ಇವರಲ್ಲಿ ಮಾತ್ರ ಅದನ್ನು ಬರೆದಿಟ್ಟುಕೊಳ್ಳುತ್ತಾರೆ. ನಗಬಹುದು. ಇನ್ನು ಮುಂದೆ ನಗುವ ಜಾಗಗಳು ಹೆಚ್ಚಿಲ್ಲ.

ಮೂರನೇ ಮಹಡಿ, ಕಾರಿಡಾರಿನ ಕೊನೆ, ಲಾಂಡ್ರಿ ಲಿಫ್ಟಿನ ಪಕ್ಕ. ನಾಲ್ಕು ಮಲಗುವ ಕೋಣೆ, ನಡುವೆ ನಾವು ಕೂರುವ ಕೋಣೆ. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ. ರಾತ್ರಿಪಾಳಿಯ ಕೆಲಸದವರು ಹಗಲು ಮಲಗುವುದರಿಂದ ನಮ್ಮಲ್ಲಿ ಹಗಲೂ ಪರೀಕ್ಷೆ ನಡೆಯುತ್ತದೆ. ಬಂದವರ ತಲೆಗೆ, ಗಲ್ಲಕ್ಕೆ, ಎದೆಗೆ, ಕಾಲಿಗೆ ತಂತಿ ಅಂಟಿಸುತ್ತೇವೆ. ಮೂಗಿನ ಕೆಳಗೆ ಉಸಿರು ಅಳೆಯುವ ಸಣ್ಣ ನಳಿಕೆ, ಬೆರಳಿಗೆ ರಕ್ತದ ಆಮ್ಲಜನಕ ಓದುವ ಕ್ಲಿಪ್ಪು. ದೊಡ್ಡಕ್ಕ ಇದನ್ನೆಲ್ಲ ಅಂಟಿಸುತ್ತಾ, "ಅಲ್ಲಾಡಬೇಡಿ, ನೀವೀಗ ರೇಡಿಯೋ ಆಗಿಬಿಟ್ರಿ, ನಾನು ಸ್ಟೇಷನ್ ಹಿಡೀಬೇಕು" ಎನ್ನುತ್ತಿದ್ದರು. ಜನ ನಗುತ್ತಾ ಕಣ್ಣು ಮುಚ್ಚುತ್ತಿದ್ದರು. ದೊಡ್ಡಕ್ಕನ ಪಾಳಿ ಯಾವತ್ತು ಎಂದು ಫೋನ್ ಮಾಡಿ ವಿಚಾರಿಸಿಕೊಂಡು ಬರುವವರಿದ್ದರು. ನನ್ನ ಪಾಳಿ ಯಾವತ್ತು ಎಂದು ಇಲ್ಲಿಯವರೆಗೆ ಯಾರೂ ಕೇಳಿಲ್ಲ.

ಅತಿಥಿಗಳಿಗಾಗಿ ಕಾಯಿಲೆಯ ಬಗ್ಗೆ ನಾಲ್ಕು ಮಾತು. ನಿದ್ದೆ ಬಂದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ, ಎಲ್ಲರಿಗೂ ಆಗುತ್ತವೆ. ಕೆಲವರಿಗೆ ಉಸಿರಿನ ದಾರಿಯೇ ಕಿರಿದು. ಕತ್ತು ದಪ್ಪ ಇರಬಹುದು, ದವಡೆ ಹಿಂದಕ್ಕಿರಬಹುದು, ಕೆಲವೊಮ್ಮೆ ಯಾವ ಕಾರಣವೂ ಕಾಣುವುದಿಲ್ಲ. ಅಂಗಾತ ಮಲಗಿದಾಗ ನಾಲಿಗೆಯ ಬುಡ ಹಿಂದಕ್ಕೆ ಜಾರಿ ದಾರಿ ಮುಚ್ಚುತ್ತದೆ. ಎದೆ ಎಳೆಯುತ್ತದೆ, ಗಾಳಿ ಬರುವುದಿಲ್ಲ. ಮಿದುಳು ಗಾಬರಿಬಿದ್ದು ಅರೆಕ್ಷಣ ಎಬ್ಬಿಸುತ್ತದೆ, ಒಂದು ದೊಡ್ಡ ಗೊರಕೆ, ಮತ್ತೆ ನಿದ್ದೆ, ಮತ್ತೆ ಮುಚ್ಚುತ್ತದೆ. ಮಲಗಿದವನಿಗೆ ಏನೂ ನೆನಪಿರುವುದಿಲ್ಲ. ಇದೇ ಸ್ಲೀಪ್ ಆಪ್ನಿಯಾ. ಹತ್ತು ಸೆಕೆಂಡ್ ಉಸಿರು ನಿಂತರೆ ನಾವು ಒಂದು ಎಂದು ಎಣಿಸುತ್ತೇವೆ. ಗಂಟೆಗೆ ಹದಿನೈದರ ಒಳಗಿದ್ದರೆ ಸೌಮ್ಯ. ಹದಿನೈದು ದಾಟಿದರೆ ಮಧ್ಯಮ, ಮೂವತ್ತು ದಾಟಿದರೆ ತೀವ್ರ. ಹದಿನೈದು ದಾಟಿದವರಿಗೆ ಮಾಸ್ಕ್ ಕೊಡುತ್ತೇವೆ. ಅದು ಮೂಗಿನೊಳಗೆ ಗಾಳಿಯನ್ನು ಮೆಲ್ಲಗೆ ಒತ್ತುತ್ತಾ ದಾರಿ ಮುಚ್ಚದಂತೆ ನೋಡಿಕೊಳ್ಳುವ ಯಂತ್ರ. ದಾಟದವರಿಗೆ ಬುದ್ಧಿಮಾತು ಕೊಡುತ್ತೇವೆ. ತೂಕ ಇಳಿಸಿ, ಮಗ್ಗುಲಲ್ಲಿ ಮಲಗಿ.

ಅಂದರೆ ಇಡೀ ವಿಭಾಗ ನಿಂತಿರುವುದು ಒಂದು ಎಣಿಕೆಯ ಮೇಲೆ. ಆ ಎಣಿಕೆ ಸರಿಯಾಗಿರಬೇಕಾದರೆ ಪರದೆಯ ಮುಂದೆ ಕುಳಿತವರು ಒಂದೇ ನಿಯಮ ಪಾಲಿಸಬೇಕು: ನೋಡಬೇಕು, ಕೈ ಹಾಕಬಾರದು. ಜೀವಕ್ಕೆ ಅಪಾಯ ಎನ್ನುವಂಥ ಗಳಿಗೆ ಬಂದರೆ ಮಾತ್ರ ಒಳಗೆ ಹೋಗಬೇಕು, ಹೋದರೆ ಬರೆದಿಡಬೇಕು. ಕೇಳಲು ಎಷ್ಟು ಸುಲಭ ಅಲ್ಲವೇ?

ನಾನು ಈ ವಿಭಾಗಕ್ಕೆ ವೈದ್ಯೆಯಾಗಿ ಬಂದ ಮೊದಲ ವಾರ ಒಬ್ಬ ಲಾರಿ ಚಾಲಕರು ಮಲಗಿದ್ದರು. ಪರದೆಯ ಮೇಲೆ ಉಸಿರಿನ ಗೆರೆ ಚಪ್ಪಟೆಯಾಯಿತು. ಇಪ್ಪತ್ತು ಸೆಕೆಂಡ್. ನಲವತ್ತು. ಎದೆಗೆ ಕಟ್ಟಿದ ಪಟ್ಟಿ ಮಾತ್ರ ಏರಿಳಿಯುತ್ತಿತ್ತು, ಬೀಗ ಹಾಕಿದ ಬಾಗಿಲನ್ನು ಒಳಗಿನಿಂದ ಯಾರೋ ನೂಕುತ್ತಿರುವ ಹಾಗೆ. ಎಂಬತ್ತು. ನನಗೇ ತಿಳಿಯದಂತೆ ನಾನೂ ಉಸಿರು ಬಿಗಿಹಿಡಿದಿದ್ದೆ. ಆಗ ದೊಡ್ಡಕ್ಕ ಕೈ ಚಾಚಿ ಮೇಜಿನ ಮೇಲಿನ ಮೈಕಿನ ಬಟನ್ ಒತ್ತಿದರು. ತೊಟ್ಟಿಲ ಮಗುವಿಗೆ ಹೇಳುವಷ್ಟು ಮೆಲ್ಲಗೆ, "ಅಣ್ಣಾ, ಸ್ವಲ್ಪ ಮಗ್ಗುಲಾಗಿ" ಎಂದರು. ಆತ ಕಣ್ಣು ತೆರೆಯಲೂ ಇಲ್ಲ, ಹೊರಳಿ ಮಗ್ಗುಲಾದರು. ಗೆರೆ ಎದ್ದಿತು.

ನಾನು ಅತ್ತೆ. ಅವರು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟು, ಅಭ್ಯಾಸ ಆಗುತ್ತೆ ಮೇಡಂ ಅಂದರು. ಎಷ್ಟು ದಿನ ಬೇಕು ಎಂದು ಕೇಳಿದೆ.

"ನನಗೆ ಹನ್ನೆರಡು ವರ್ಷ ಆಯ್ತು. ಇನ್ನೂ ಆಗಿಲ್ಲ."

ನಾನು ಅವರಿಗೆ ಥ್ಯಾಂಕ್ಸ್ ಹೇಳಿದೆ. ಆ ಥ್ಯಾಂಕ್ಸನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಹದಿನಾಲ್ಕು ವರ್ಷಗಳ ಹಿಂದೆ, ನಾನು ಈ ಆಸ್ಪತ್ರೆಗೆ ಸೇರಿದ ನಾಲ್ಕನೆಯ ದಿನ ಹೇಳಿದ್ದು.

ಆಮೇಲೆ ಅದರ ಬಗ್ಗೆ ನಾವು ಮಾತಾಡಲಿಲ್ಲ. ಅವರು ಒತ್ತುತ್ತಿದ್ದರು, ನಾನು ಕಾಗದ ನೋಡುತ್ತಿದ್ದೆ. ಉಳಿದ ತಂತ್ರಜ್ಞರು ಅವರಿಗೆ 'ಮಗ್ಗುಲಮ್ಮ' ಎಂದು ಹೆಸರಿಟ್ಟಿದ್ದರು. ಹೆಸರು ಎಲ್ಲರಿಗೂ ಗೊತ್ತಿತ್ತು, ಹೆಸರಿನ ಕಾರಣವೂ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿರುವುದನ್ನು ಯಾರು ಬರೆದಿಡುತ್ತಾರೆ?

ಮಗ್ಗುಲಾದವರ ಉಸಿರು ನಿಲ್ಲುವುದು ಕಡಿಮೆ. ನಿಲ್ಲುವುದು ಕಡಿಮೆಯಾದರೆ ಎಣಿಕೆ ಕಡಿಮೆ. ಗಂಟೆಗೆ ನಲವತ್ತು ಬರಬೇಕಾದವರಿಗೆ ಹದಿಮೂರು ಬರುತ್ತದೆ. ಹದಿಮೂರು ಬಂದವರು ಮಾಸ್ಕ್ ಇಲ್ಲದೆ, ಬುದ್ಧಿಮಾತು ಕೇಳಿಕೊಂಡು, ದೊಡ್ಡಕ್ಕನಿಗೆ ಕೈಮುಗಿದು ಮನೆಗೆ ಹೋಗುತ್ತಾರೆ. ಮನೆಯಲ್ಲಿ ಮೈಕ್ ಇರುವುದಿಲ್ಲ.

ಇದು ಇಷ್ಟು ಸರಳ. ನಾನು ಇಪ್ಪತ್ತೆರಡು ವರ್ಷ ಓದಿದವಳು. ಹೊಳೆಯಲಿಲ್ಲ ಎಂದು ಹೇಳಿದರೆ ನೀವು ನಂಬುತ್ತೀರಾ? ಎಷ್ಟೋ ದಿನ ನಾನು ನಂಬಿದ್ದೆ.

ಆರು ವರ್ಷ ನಡೆದ ನಮ್ಮ ಅಧ್ಯಯನ ನಿಮಗೆ ಗೊತ್ತು, ಅದರ ಪ್ರಶಸ್ತಿಫಲಕ ಕೆಳಗಿನ ಹಾಲ್‌ನಲ್ಲಿದೆ. ಮಾಸ್ಕ್ ಹಾಕಿಕೊಂಡ ಮಧ್ಯಮ ಮತ್ತು ತೀವ್ರ ರೋಗಿಗಳು ಒಂದು ಕಡೆ, ಮಾಸ್ಕ್ ಇಲ್ಲದ ಸೌಮ್ಯ ರೋಗಿಗಳು ಇನ್ನೊಂದು ಕಡೆ. ಯಾರಿಗೆ ಎಷ್ಟು ಹೃದಯಾಘಾತ, ಎಷ್ಟು ಪಾರ್ಶ್ವವಾಯು, ಎಷ್ಟು ಸಾವು ಎಂದು ವರ್ಷವರ್ಷವೂ ನೋಡಿದೆವು. ಸೌಮ್ಯದವರಲ್ಲಿ ತೀರ ಕಡಿಮೆ ಇರಬೇಕಿತ್ತು. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಬಂತು. ಹಾಗೆ ಬಂದಾಗ ಒಬ್ಬ ಸಾಧಾರಣ ಮನುಷ್ಯ ಏನು ಕೇಳುತ್ತಾನೆ? ಈ ಸೌಮ್ಯದವರು ನಿಜಕ್ಕೂ ಸೌಮ್ಯವೇ ಎಂದು ಕೇಳುತ್ತಾನೆ. ನಾವು ಕೇಳಲಿಲ್ಲ. ಕಾಯಿಲೆಯ ತೀವ್ರತೆಗೂ ಅಪಾಯಕ್ಕೂ ಇರುವ ಸಂಬಂಧ ಭಾವಿಸಿದಷ್ಟು ಗಟ್ಟಿಯಿಲ್ಲ, ಹಾಗಿದ್ದರೆ ಮಾಸ್ಕ್ ಹಾಕಿ ಎಣಿಕೆ ಇಳಿಸಿದರೂ ಅಪಾಯ ಇಳಿಯದು, ಅದರ ಪ್ರಯೋಜನವನ್ನು ಮರುಪರಿಶೀಲಿಸಬೇಕು ಎಂದು ಬರೆದೆವು. ಹೊಸ ಮಾತು ಹೇಳಿದವರಿಗೆ ಫಲಕ ಸಿಗುತ್ತದೆ.

ದೊಡ್ಡಕ್ಕನ ಪಾಳಿಯ ಅಂಕಿಗಳು ಉಳಿದವರ ಪಾಳಿಗಿಂತ ಕಡಿಮೆ ಬರುತ್ತಿದ್ದವು ಎಂಬುದು ಲೆಕ್ಕದಲ್ಲಿ ಕಂಡಿತ್ತು. ಅಂಕಿಸಂಖ್ಯೆ ನೋಡುವವರು ನನಗೆ ಚೀಟಿ ಅಂಟಿಸಿ ಕಳಿಸಿದ್ದರು: 'ಪಾಳಿಗಳ ನಡುವೆ ವ್ಯತ್ಯಾಸ ಇದೆ, ಕಾರಣ?' ನಾನು ಪ್ರಬಂಧದ ಏಳನೇ ಪುಟದಲ್ಲಿ ಒಂದು ಸಾಲು ಸೇರಿಸಿದೆ. 'ಪಾಳಿಗಳ ನಡುವಿನ ವ್ಯತ್ಯಾಸವನ್ನು ಗಣಿತದ ಮೂಲಕ ಸರಿಹೊಂದಿಸಲಾಗಿದೆ.' ಯಾರಿಂದ ಸರಿಹೊಂದಿಸಲಾಗಿದೆ? ಇಂಗ್ಲಿಷಿನಲ್ಲಿ ಆ ಪ್ರಶ್ನೆ ಯಾರೂ ಕೇಳಲಿಲ್ಲ. ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದೆ.

ಪ್ರಬಂಧ ಪ್ರಕಟವಾದ ಮೇಲೆ ಪತ್ರಿಕೆಗಳಲ್ಲಿ ಬಂತು. ಜನ ಮಾಸ್ಕುಗಳನ್ನು ತಂದು ಹಿಂತಿರುಗಿಸತೊಡಗಿದರು. ಮೊದಲೇ ಅದನ್ನು ಹಾಕಿಕೊಳ್ಳಲು ಯಾರಿಗೂ ಇಷ್ಟವಿಲ್ಲ. ಒಬ್ಬರು ಕತ್ತರಿಸಿದ ಸುದ್ದಿಯನ್ನು ಮಾಸ್ಕಿನ ಪಟ್ಟಿಗೆ ಪಿನ್ನು ಮಾಡಿ ತಂದಿದ್ದರು. "ನೋಡಿ ಡಾಕ್ಟ್ರೇ, ನೀವೇ ಹೇಳಿದ್ದೀರಿ" ಎಂದು ತೋರಿಸಿದರು. ನಮ್ಮ ಕೋಣೆಯ ಬೀರುವಿನ ಕೆಳಗಿನ ಎರಡು ಖಾನೆ ತುಂಬಿತು. ಬಾಗಿಲು ತೆಗೆದರೆ ರಬ್ಬರಿನ ವಾಸನೆ. ಮೂಗು ಬಾಯಿ ಇರಬೇಕಾದ ಜಾಗ ಖಾಲಿ ಇರುವ ಅರವತ್ತು ಎಪ್ಪತ್ತು ಮುಖಗಳು ನಮ್ಮ ಕಡೆ ನೋಡುತ್ತಿರುತ್ತವೆ.

ಕಳೆದ ಆರು ತಿಂಗಳಿನಿಂದ ನಮ್ಮಲ್ಲಿ ಒಬ್ಬರು ಸಾಫ್ಟ್‌ವೇರ್ ಎಂಜಿನಿಯರ್ ಕೂತು ಕೆಲಸ ಮಾಡುತ್ತಿದ್ದಾರೆ. ಎಣಿಸುವ ಕೆಲಸವನ್ನು ಯಂತ್ರಕ್ಕೆ ಕಲಿಸುವುದು ಅವರ ಕೆಲಸ. ಅದಕ್ಕಾಗಿ ಹಳೆಯ ದಾಖಲೆಗಳನ್ನೆಲ್ಲ ಯಂತ್ರಕ್ಕೆ ತಿನ್ನಿಸಿದರು. ಉಸಿರಿನ ಗೆರೆಗಳ ಜೊತೆ ಕೋಣೆಯ ಶಬ್ದವೂ ದಾಖಲಾಗಿರುತ್ತದೆ. ನಾವು ಅದನ್ನು ಕೇಳುವುದು ಗೊರಕೆಗಾಗಿ ಮಾತ್ರ, ಅದೂ ಅಪರೂಪಕ್ಕೆ. ಯಂತ್ರ ಎಲ್ಲವನ್ನೂ ಕೇಳಿಸಿಕೊಂಡಿತು.

ಒಂದು ಬೆಳಗ್ಗೆ ಅವರು ಹೆಡ್‌ಫೋನ್ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು.

"ಮೇಡಂ, ರೆಕಾರ್ಡಿಂಗಲ್ಲಿ ಯಾರೋ ಮಾತಾಡ್ತಾರೆ. ಮಗ್ಗುಲಾಗಿ ಅಂತಾರೆ. ಸಾವಿರದ ಒಂಬೈನೂರು ಕಡೆ ಇದೆ."

ಪಕ್ಕದ ಕೋಣೆಯ ಸದ್ದಿರಬೇಕು ಎಂದೆ. ಹಾಗೆ ಹೇಳಿದೆ ನಾನು, ಹದಿನಾಲ್ಕು ವರ್ಷ ಕೇಳಿದ ದನಿಯ ಬಗ್ಗೆ. ಎರಡು ದನಿ ಇದೆ ಮೇಡಂ ಎಂದರು. ಒಂದು ಎಲ್ಲ ಕಡೆ ಬರುತ್ತದೆ. ಇನ್ನೊಂದು ಒಂದೇ ಒಂದು ದಾಖಲೆಯಲ್ಲಿ ಇದೆ, ಹದಿನಾಲ್ಕು ಸಲ. ಹೇಳುತ್ತಾ ನನ್ನ ಮುಖ ನೋಡಲಿಲ್ಲ. ಹೆಡ್‌ಫೋನನ್ನು ಮೇಜಿನ ಮೇಲಿಟ್ಟು ಹೋದರು.

ಆ ದನಿಗೆ ಬರುತ್ತೇನೆ. ಮೊದಲು ಅಂಕಿಗಳು. ಇವು ಈ ಸಭೆಗೆ ಸೇರಿದವು.

ದೊಡ್ಡಕ್ಕನ ಪಾಳಿಯಲ್ಲಿ ಸೌಮ್ಯ ಎಂದು ಬರೆಸಿಕೊಂಡು ಹೋಗಿ ಅಧ್ಯಯನಕ್ಕೆ ಸೇರಿದವರು ಇನ್ನೂರ ಹನ್ನೆರಡು ಜನ. ಯಾರ ಮಾತಿಗೂ ಮಗ್ಗುಲಾಗದೆ ಇದ್ದ ನಿಮಿಷಗಳನ್ನು ಮಾತ್ರ ತೆಗೆದುಕೊಂಡು ನಾವು ಮತ್ತೆ ಎಣಿಸಿದೆವು. ನೂರ ನಲವತ್ತು ಜನ ಸೌಮ್ಯ ಅಲ್ಲ. ಅವರಲ್ಲಿ ಇಪ್ಪತ್ತಮೂರು ಜನ ಈಗ ಇಲ್ಲ. ಮಾಸ್ಕ್ ಇದ್ದಿದ್ದರೆ ಈ ಇಪ್ಪತ್ತಮೂರರಲ್ಲಿ ಎಷ್ಟು ಜನ ಉಳಿಯುತ್ತಿದ್ದರು? ಗೊತ್ತಿಲ್ಲ. ಒಬ್ಬರೂ ಉಳಿಯದೆ ಇರಬಹುದು. ಹತ್ತು ಜನ ಉಳಿಯಬಹುದಿತ್ತು. ಅದನ್ನು ಇನ್ನು ಯಾವ ಅಧ್ಯಯನವೂ ಹೇಳಲಾರದು, ಏಕೆಂದರೆ ಆ ಅಧ್ಯಯನವನ್ನು ನಾವು ಮಾಡಿ ಕೆಡಿಸಿದ್ದೇವೆ. ಉಳಿದವರಿಗೆ ಫೋನ್ ಮಾಡುತ್ತಿದ್ದೇವೆ. ಮರುಪರೀಕ್ಷೆಗೆ ಬನ್ನಿ ಎಂದರೆ, "ನನಗೇನಿಲ್ಲ ಬಿಡಿ, ಅಕ್ಕ ನೋಡಿ ಹೇಳಿದ್ದಾರೆ" ಎನ್ನುತ್ತಾರೆ. ಅವರು ನಂಬಿರುವುದು ನನ್ನ ಸಹಿಯನ್ನಲ್ಲ. ಅವರನ್ನು ಆ ನಂಬಿಕೆಯಿಂದ ಬಿಡಿಸುವುದು ಹೇಗೆ ಎಂದು ನನಗೆ ಗೊತ್ತಿಲ್ಲ.

ಇದನ್ನು ದೊಡ್ಡಕ್ಕನಿಗೆ ಹೇಳಬೇಕಾಗಿತ್ತು. ಹದಿನೈದು ದಿನಗಳ ಹಿಂದೆ ಹೇಳಿದೆ, ಮೂರನೇ ಮಹಡಿಯ ಅದೇ ಕೋಣೆಯಲ್ಲಿ. ಅವರು ತಂತಿಗಳನ್ನು ಸುತ್ತಿ ಸುತ್ತಿ ಡಬ್ಬಿಗೆ ಇಡುತ್ತಿದ್ದರು. ನಾನು ಹೇಳಿದ್ದು ಮೊದಲು ಅರ್ಥವಾಗಲಿಲ್ಲ, ಅಥವಾ ಅರ್ಥ ಮಾಡಿಕೊಳ್ಳುವುದು ಬೇಡವಾಗಿತ್ತು.

"ಉಸಿರು ನಿಂತಿರೋರ ಎದುರಿಗೆ ಸುಮ್ನೆ ಕೂತಿರೋದನ್ನ ಯಾವ ಶಾಲೇಲಿ ಹೇಳಿಕೊಡ್ತಾರೆ ಮೇಡಂ?"

ನಮ್ಮ ಶಾಲೆಯಲ್ಲಿ ಹೇಳಿಕೊಡುತ್ತಾರೆ ಅಕ್ಕ, ನಾನೂ ಕಲಿಯಲಿಲ್ಲ ಎಂದೆ. ಅವರು ಡಬ್ಬಿಯ ಮುಚ್ಚಳ ಹಾಕಿದರು. ಎಷ್ಟು ಜನ ಎಂದು ಕೇಳಿದರು. ಹೇಳಿದೆ. ಇಪ್ಪತ್ತಮೂರು ಹೆಸರೂ ಬೇಕು ಎಂದರು. ಪಟ್ಟಿ ಕೊಟ್ಟೆ. ಕನ್ನಡಕ ಹಾಕಿಕೊಂಡು, ಒಂದೊಂದು ಹೆಸರಿನ ಕೆಳಗೂ ಬೆರಳಿಟ್ಟು ಓದಿದರು. ಇವರು ಬೇಕರಿಯವರು. ಇವರಿಗೆ ತಂತಿಯ ಅಂಟು ಆಗಿಬರುತ್ತಿರಲಿಲ್ಲ, ಗಲ್ಲ ಕೆಂಪಾಗಿತ್ತು. ಇವರು ಮೇಷ್ಟ್ರು, ಗುಡ್‌ನೈಟ್ ಹೇಳದೆ ದೀಪ ಆರಿಸಿದರೆ ಸಿಟ್ಟು. ಎಲ್ಲರೂ ನೆನಪಿದ್ದರು. ನನಗೆ ಒಬ್ಬರನ್ನು ಬಿಟ್ಟು ಉಳಿದವರು ಬರೀ ಕ್ರಮಸಂಖ್ಯೆ.

ಹದಿನೆಂಟನೆಯ ಹೆಸರಿಗೆ ಬಂದಾಗ ಬೆರಳು ನಿಂತಿತು.

ನಾನು ಬೀಳ್ಕೊಡುಗೆ ಸಮಾರಂಭ ಮುಂದಕ್ಕೆ ಹಾಕೋಣವೇ ಎಂದು ಕೇಳಿದೆ. ಬೇಡ ಎಂದರು.

"ಬರ್ತೀನಿ. ಮುಂದಿನ ಸಾಲಲ್ಲೇ ಕೂತ್ಕೋತೀನಿ. ನನ್ನದು ಹೇಳಿ, ಬೇಡ ಅನ್ನಲ್ಲ. ಆದ್ರೆ ನಿಮ್ಮಣ್ಣಂದು ನೀವೇ ಹೇಳ್ಬೇಕು ಮೇಡಂ. ಅದು ನನ್ನ ತಲೆ ಮೇಲೆ ಬೇಡ."

ನನ್ನ ಅಣ್ಣ ಬಟ್ಟೆ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ನೂರು ಪದರ ಬಟ್ಟೆಯನ್ನು ಒಟ್ಟಿಗೆ ಹಾಸಿ, ಸೀಮೆಸುಣ್ಣದ ಗೆರೆಯ ಮೇಲೆ ಯಂತ್ರದ ಬ್ಲೇಡು ಓಡಿಸುವ ಕೆಲಸ. ಕೂದಲೆಳೆ ತಪ್ಪಿದರೆ ನೂರು ಅಂಗಿ ಹಾಳು. ಇಪ್ಪತ್ತು ವರ್ಷದಲ್ಲಿ ಅವನು ತಪ್ಪಿದ್ದು ಎರಡು ಸಲ, ಎರಡೂ ಸಲ ಬ್ಲೇಡಿನ ಮುಂದೆಯೇ ತೂಕಡಿಸಿದ್ದ. ಆಗ ಅವನದು ರಾತ್ರಿಪಾಳಿ. ಅವನನ್ನು ನನ್ನ ಹತ್ತಿರ ಅಟ್ಟಿದ್ದು ಅತ್ತಿಗೆ. ಅತ್ತಿಗೆ ಒಂದು ಶಾಲೆಯ ಆಫೀಸಿನಲ್ಲಿ ಕ್ಲರ್ಕು. ಹೆಚ್ಚು ಮಾತಿನವರಲ್ಲ. ಭಾನುವಾರ ನಾನು ಹೋದಾಗ ಅಡುಗೆಮನೆಗೆ ಕರೆದು ಹೇಳಿದರು:

"ಎಲ್ಲರ ಗಂಡಂದಿರೂ ಗೊರಕೆ ಹೊಡೀತಾರೆ. ನನಗೆ ಎಚ್ಚರ ಆಗೋದು ಗೊರಕೆಗಲ್ಲ, ಅದು ನಿಂತಾಗ. ಎಣಿಸ್ತಾ ಕೂತಿರ್ತೀನಿ. ನಲವತ್ತು ದಾಟಿದ್ರೆ ಕೈ ಹಿಡಿದು ಎಳೀತೀನಿ."

ಯಾವ ತಂತಿಯೂ ಇಲ್ಲದೆ, ಯಾವ ಪದವಿಯೂ ಇಲ್ಲದೆ ಸರಿಯಾಗಿ ಎಣಿಸಿದವರು ನಮ್ಮ ಮನೆಯಲ್ಲಿ ಅವರೊಬ್ಬರೇ.

ಬೆಳಗ್ಗೆ ಪಾಳಿ ಮುಗಿಸಿ ಅಣ್ಣ ನೇರ ಆಸ್ಪತ್ರೆಗೆ ಬಂದ. ತಲೆಗೂದಲಲ್ಲಿ ಬಟ್ಟೆಯ ನೂಲು. ತಂತಿ ಅಂಟಿಸುವಾಗ ದೊಡ್ಡಕ್ಕನ ಜೊತೆ ಅಳತೆ ಪಟ್ಟಿಯ ತಮಾಷೆ. ಒಂಬತ್ತೂವರೆಗೆ ಮಲಗಿದ. ಪರೀಕ್ಷೆಗೆ ಮುಂಚೆ ನಾನು ದೊಡ್ಡಕ್ಕನನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದ್ದೆ.

"ಅಕ್ಕ, ಇವನದು ಸರಿಯಾಗಿ ಆಗ್ಬೇಕು. ಇವತ್ತು ಬಟನ್ ಮುಟ್ಟಬೇಡಿ."

ಸಭಿಕರೇ, ಆ ಮಾತಿನ ಅರ್ಥವನ್ನು ನೀವು ಈಗಾಗಲೇ ಮಾಡಿಕೊಂಡಿದ್ದೀರಿ. ಹೊಳೆಯಲಿಲ್ಲ ಎಂದೆನಲ್ಲ. ಹೊಳೆಯದೆ ಹೋಗಿದ್ದರೆ ಹಾಗೆ ಹೇಳುತ್ತಿದ್ದೆನೇ? ಬಟನ್ ಒತ್ತಿದರೆ ಪರೀಕ್ಷೆ ಸರಿಯಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಇನ್ನೂರ ಹನ್ನೊಂದು ಜನರ ವಿಷಯದಲ್ಲಿ ಅದು ನನಗೆ ದೊಡ್ಡದಾಗಿ ಕಾಣಲಿಲ್ಲ. ಅಣ್ಣನ ವಿಷಯದಲ್ಲಿ ಕಂಡಿತು.

ದೊಡ್ಡಕ್ಕ ಮಾತು ಉಳಿಸಿಕೊಂಡರು. ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಒಂದು ಕೈಯಿಂದ ಇನ್ನೊಂದನ್ನು ಹಿಡಿದು ಕುಳಿತರು. ಅಣ್ಣ ಅಂಗಾತ ಮಲಗಿದ್ದ. ಗೆರೆ ಚಪ್ಪಟೆಯಾಯಿತು. ಮೂವತ್ತು. ಐವತ್ತು. ಎಪ್ಪತ್ತು. ಪರದೆಯಲ್ಲಿ ಅವನ ಬಾಯಿ ತೆರೆದಿತ್ತು. ಚಿಕ್ಕಂದಿನಲ್ಲಿ ಈಜು ಕಲಿಸುವಾಗ ನೀರಿನೊಳಗೆ ಮುಳುಗಿ ಎಷ್ಟು ಹೊತ್ತು ಇರುತ್ತೇನೆ ಎಣಿಸು ಎನ್ನುತ್ತಿದ್ದ. ನಾನು ದಡದಲ್ಲಿ ಕೂತು ಎಣಿಸುತ್ತಾ ಎಣಿಸುತ್ತಾ ಅಳುತ್ತಿದ್ದೆ. ಎದ್ದು ಬಂದು ನಗುತ್ತಿದ್ದ.

ಬಟನ್ ಒತ್ತಿದ್ದು ನಾನು. "ಅಣ್ಣಾ, ಮಗ್ಗುಲಾಗೋ" ಎಂದೆ. ಅವನು ಮಗ್ಗುಲಾದ. ಸ್ವಲ್ಪ ಹೊತ್ತಿಗೆ ಮತ್ತೆ ಅಂಗಾತವಾದ. ಮತ್ತೆ ಒತ್ತಿದೆ. ಹದಿನಾಲ್ಕು ಸಲ. ದೊಡ್ಡಕ್ಕ ನನ್ನ ಕಡೆ ನೋಡಲಿಲ್ಲ. ನಾನು ಬರೆದಿಡಲಿಲ್ಲ. ಎಂಜಿನಿಯರ್ ಹೇಳಿದ ಎರಡನೆಯ ದನಿ ನನ್ನದು. ಮೇಜಿನ ಮೇಲಿಟ್ಟು ಹೋದ ಹೆಡ್‌ಫೋನಿನಲ್ಲಿ ನಾನು ಅದನ್ನು ಕೇಳಿದ್ದೇನೆ. ಅದರಲ್ಲಿ ಹೆದರಿಕೆ ಇದೆ, ಪ್ರೀತಿಯೂ ಇದೆ. ಎರಡರಿಂದಲೂ ಏನೂ ಉಪಯೋಗವಾಗಲಿಲ್ಲ.

ಎಣಿಕೆ ಹನ್ನೊಂದು ಬಂತು. ಸೌಮ್ಯ. ಕಾಗದ ನನ್ನ ಮುಂದೆ ಬಂದಾಗ ಏನಾಯಿತು ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಖುಷಿಯಾಯಿತು. ಇದು ನಿಜ. ಹದಿನಾಲ್ಕು ಸಲ ನಾನೇ ಬಟನ್ ಒತ್ತಿ ಬರಿಸಿದ ಹನ್ನೊಂದನ್ನು ನೋಡಿ, ಸದ್ಯ ಕಡಿಮೆ ಬಂತಲ್ಲ ಎಂದು ಖುಷಿಪಟ್ಟೆ. ಸಹಿ ಮಾಡಿದೆ. ಮತ್ತೆ ಎಣಿಸಿದಾಗ ಅದೇ ದಾಖಲೆಯಲ್ಲಿ ಗಂಟೆಗೆ ಐವತ್ತೆರಡು ಬಂದಿದೆ.

ಅತ್ತಿಗೆಗೆ ಫೋನ್ ಮಾಡಿ, ಗಾಬರಿ ಬೇಡ, ಮಗ್ಗುಲಲ್ಲಿ ಮಲಗಿದರೆ ಸಾಕು ಎಂದೆ. ಅಂಗಾತವಾಗದಂತೆ ಅಂಗಿಯ ಬೆನ್ನಿಗೆ ಒಂದು ಜೇಬು ಹೊಲಿದು ಅದರಲ್ಲಿ ಟೆನಿಸ್ ಚೆಂಡು ಇಡಿ, ನಮ್ಮ ರೋಗಿಗಳೆಲ್ಲ ಹಾಗೇ ಮಾಡುತ್ತಾರೆ ಎಂದೆ. ಅವರು ಒಂದೇ ಪ್ರಶ್ನೆ ಕೇಳಿದರು: ನಲವತ್ತು ಎಣಿಸೋದು ನಿಲ್ಲಿಸಬಹುದಾ? ನಿಲ್ಲಿಸಿ ಎಂದೆ.

ಅವರು ಕೈಯಲ್ಲೇ ಜೇಬು ಹೊಲಿದರು. ಅಣ್ಣ ಅದನ್ನು ತಿರುಗಿಸಿ ನೋಡಿ, ಕಟಿಂಗ್ ಮಾಸ್ಟರ್ ಹೆಂಡತಿಯ ಹೊಲಿಗೆಯೇ ಇದು, ಹೊರಗೆ ಯಾರಿಗೂ ತೋರಿಸಬೇಡ ಎಂದು ರೇಗಿಸಿದನಂತೆ. ನನಗೆ ಫೋನ್ ಮಾಡಿ, "ನಿಮ್ಮ ಆಸ್ಪತ್ರೆ ಔಷಧಿ ಚೆಂಡಾದ್ರೆ ಆಪರೇಷನ್ ಬ್ಯಾಟಲ್ಲಾ?" ಎಂದ. ನಕ್ಕೆವು.

ಎಂಟು ತಿಂಗಳ ನಂತರ, ಒಂದು ಮಂಗಳವಾರ, ಬೆಳಗ್ಗೆ ಪಾಳಿ ಮುಗಿಸಿ ಬಂದು ಮಲಗಿದವನು ಏಳಲಿಲ್ಲ. ಅತ್ತಿಗೆ ಶಾಲೆಯಿಂದ ಬಂದಾಗ ನಾಲ್ಕೂವರೆ. ಅವನು ಅಂಗಾತ ಮಲಗಿದ್ದ. ಜೇಬಿನ ಹೊಲಿಗೆ ಒಂದು ಕಡೆ ಬಿಟ್ಟುಕೊಂಡಿತ್ತು. ಚೆಂಡು ಮಂಚದ ಕೆಳಗೆ ಇತ್ತು.

ನಮ್ಮ ಪ್ರಬಂಧದಲ್ಲಿ ಅವನೂ ಇದ್ದಾನೆ. ಸೌಮ್ಯ ಗುಂಪು, ಮರಣ, ಕ್ರಮಸಂಖ್ಯೆ ನೂರ ಎಂಟು. ಎಣಿಕೆ ಕಡಿಮೆ ಇದ್ದವರೂ ಸಾಯುತ್ತಾರೆ, ಎಣಿಕೆ ಇಳಿಸುವ ಮಾಸ್ಕಿನ ಪ್ರಯೋಜನ ಅಷ್ಟಿಲ್ಲ ಎಂಬುದಕ್ಕೆ ಅವನ ಸಾವು ಕೂಡ ನನ್ನ ಸಾಕ್ಷಿಗಳಲ್ಲಿ ಒಂದಾಯಿತು. ಅದನ್ನು ಸೇರಿಸಿದ ಕೈಯೂ ನನ್ನದೇ.

ಆದರೆ ನಾನು ಹೇಳಬೇಕಾಗಿದ್ದದ್ದು ಇದೂ ಅಲ್ಲ. ಕಾರ್ಯಗಳೆಲ್ಲ ಮುಗಿದು ಮನೆ ಖಾಲಿಯಾದ ದಿನ ಅತ್ತಿಗೆ ಆ ಅಂಗಿಯನ್ನು ನನ್ನ ಮುಂದೆ ಹಾಸಿದರು. ಬಿಟ್ಟುಕೊಂಡ ಹೊಲಿಗೆಯ ಮೇಲೆ ಬೆರಳಾಡಿಸುತ್ತಾ ಹೇಳಿದರು:

"ಎರಡನೇ ಸಲ ಹೊಲಿಗೆ ಹಾಕ್ಬೇಕು ಅಂತ ಅವತ್ತೇ ಅನ್ಕೊಂಡೆ. ದಾರ ಮುಗಿದಿತ್ತು. ನಾಳೆ ಹಾಕೋಣ ಅಂತ ಬಿಟ್ಟೆ."

ಇಲ್ಲ ಅತ್ತಿಗೆ, ಅದಕ್ಕಲ್ಲ ಎಂದೆ. ಮತ್ತೆ ಯಾತಕ್ಕೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ. ಮೂರು ವರ್ಷಕ್ಕೂ ಮೇಲಾಯಿತು. ಇವತ್ತಿಗೂ ಅವರು ತಮ್ಮ ಅರೆಹೊಲಿಗೆಯಿಂದ ಗಂಡ ಸತ್ತ ಎಂದೇ ನಂಬಿ ಬದುಕುತ್ತಿದ್ದಾರೆ. ನಾನು ತಿಂಗಳಿಗೊಮ್ಮೆ ಹೋಗಿ, ಅವರ ಅಡುಗೆಮನೆಯಲ್ಲಿ ಕೂತು, ಚಹಾ ಕುಡಿದು ಬರುತ್ತೇನೆ. ಹೇಳಬೇಕೆಂದು ಮೂರು ಸಲ ಹೋದೆ. ಒಂದು ಸಲ ಅವರು ನನ್ನ ಕುಪ್ಪಸದ ಬಿಚ್ಚಿದ ಹೊಲಿಗೆ ಕಂಡು, ಸೂಜಿ ತಂದು, ಕೂತಲ್ಲೇ ಎರಡು ಸಲ ಹೊಲಿದರು. ಈಗ ಅವರು ಏನನ್ನು ಹೊಲಿದರೂ ಎರಡು ಸಲ ಹೊಲಿಯುತ್ತಾರೆ.

ನಿಮ್ಮೆದುರು ಹೇಳುವ ಧೈರ್ಯ ಇರುವವಳಿಗೆ ಅವರೊಬ್ಬರ ಎದುರು ಇಲ್ಲ. ಇದಕ್ಕೆ ಏನೆಂದು ಹೆಸರಿಡಬೇಕೋ ತಿಳಿಯದು. ಮೊದಲು ಅವರಿಗೆ ಹೇಳಬೇಕಿತ್ತು, ನಿಮಗಲ್ಲ. ಇದೂ ಗೊತ್ತು.

ದೊಡ್ಡಕ್ಕನ ಬಗ್ಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ನಾಳೆ ಯಾರಾದರೂ, ಆ ಹೆಂಗಸು ತಿಳಿಯದೆ ಮಾಡಿದ ತಪ್ಪು ಎಂದು ಎಲ್ಲವನ್ನೂ ಅವರ ಕೈಚೀಲಕ್ಕೆ ತುಂಬಿ ಮನೆಗೆ ಕಳಿಸಲು ನೋಡಬಹುದು. ಅನುಕೂಲವಾದ ದಾರಿ ಅದು, ನಿವೃತ್ತರು ಜಗಳಕ್ಕೆ ಬರುವುದಿಲ್ಲ. ಅವರ ತಪ್ಪು ಇದೆ, ಅವರೇ ಇಲ್ಲ ಎನ್ನುವುದಿಲ್ಲ. ಆದರೆ ಬಟನ್ ಒತ್ತಿದರೆ ಅಂಕಿ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವಳು ಪಕ್ಕದ ಕುರ್ಚಿಯಲ್ಲಿ ಕೂತು ಚಹಾ ಕುಡಿದು ಥ್ಯಾಂಕ್ಸ್ ಹೇಳಿದಳು. ಅಕ್ಕ, ಈ ಸ್ಮರಣಿಕೆಯನ್ನು ನಿಮಗೆ ಹೇಗೆ ಕೊಡಬೇಕೋ ನನಗೆ ಗೊತ್ತಾಗುತ್ತಿಲ್ಲ. ನೀವು ಹೇಗೆ ತೆಗೆದುಕೊಳ್ಳುತ್ತೀರೋ ಅದೂ ಗೊತ್ತಿಲ್ಲ.

ಪ್ರಬಂಧವನ್ನು ಹಿಂತೆಗೆದುಕೊಳ್ಳಬೇಕೆಂದು ಅದು ಪ್ರಕಟವಾದ ವೈದ್ಯಕೀಯ ಪತ್ರಿಕೆಯ ಸಂಪಾದಕರಿಗೆ ಬರೆದ ಕಾಗದ ಸಿದ್ಧವಾಗಿದೆ. ಈ ತಿಂಗಳ ಕೊನೆಗೆ ಆಸ್ಪತ್ರೆಗೆ ಮಾನ್ಯತೆ ಕೊಡುವ ತಂಡ ಬಂದು ಹೋಗಲಿ, ಅಲ್ಲಿಯವರೆಗೆ ತಡೆಯಿರಿ ಎಂದು ನನಗೆ ಸೂಚನೆ ಬಂದಿದೆ. ಸೂಚನೆ ಕೊಟ್ಟವರೂ ಈ ಸಭೆಯಲ್ಲಿದ್ದಾರೆ, ಅವರು ಕೆಟ್ಟವರಲ್ಲ. ಅವರದೂ ಒಂದು ರೀತಿಯ ಬಟನ್. ಕ್ಷಮಿಸಿ, ನಾನು ತಡೆಯುವುದಿಲ್ಲ. ಅದರ ಜೊತೆ ಇನ್ನೊಂದು ಲಕೋಟೆ ಇದೆ. ಅದರಲ್ಲಿ ಈ ಭಾಷಣದ ಒಂದು ಪ್ರತಿ ಇದೆ, ಮೇಲೆ ಅತ್ತಿಗೆಯ ವಿಳಾಸ ಬರೆದಿದ್ದೇನೆ. ಅದನ್ನು ಓದಿದ ಮೇಲೆ ಅವರ ಅಡುಗೆಮನೆಯ ಬಾಗಿಲು ನನಗೆ ತೆರೆಯುತ್ತದೆ ಎಂಬ ಭರವಸೆ ನನಗಿಲ್ಲ. ಹೊಲಿಗೆ ಕಾರಣವಲ್ಲ ಎಂದು ತಿಳಿದರೆ ಅವರಿಗೆ ಹಗುರವಾಗುತ್ತದೆಯೇ, ಅಥವಾ ನಲವತ್ತು ಎಣಿಸುವುದನ್ನು ನಿಲ್ಲಿಸಲು ಹೇಳಿದ್ದು ಯಾರು ಎಂದು ನೆನಪಾಗುತ್ತದೆಯೇ? ಎರಡೂ ಆಗಬಹುದು.

ಇವತ್ತು ಶುಕ್ರವಾರ. ನಾಳೆ ಸರ್ಕಾರಿ ರಜೆ, ನಾಡಿದ್ದು ಭಾನುವಾರ, ಅಂಚೆ ಕಚೇರಿ ಇರುವುದಿಲ್ಲ. ಈ ಎರಡು ದಿನದಲ್ಲಿ ಮನಸ್ಸು ಬದಲಿಸುವ ಹೆಂಗಸು ನಾನು, ನನಗೆ ನನ್ನ ಪರಿಚಯ ಇದೆ. ಅದಕ್ಕಾಗಿಯೇ ದಿನಾಂಕವನ್ನು ಇಷ್ಟು ಜನರ ಎದುರು ಹೇಳಿ ಇಳಿಯುತ್ತಿದ್ದೇನೆ. ಮಂಗಳವಾರ ಯಾರಾದರೂ ಕಾರಿಡಾರಿನಲ್ಲಿ ಸಿಕ್ಕರೆ, ಹಾಕಿದಿರಾ ಎಂದು ಕೇಳಿ. ನಾಚಿಕೆಪಟ್ಟುಕೊಂಡು ಸುಮ್ಮನಾಗಬೇಡಿ. ಸುಮ್ಮನಾಗುವುದರಲ್ಲಿ ನಾವೆಲ್ಲ ಸಾಕಷ್ಟು ಪಳಗಿದ್ದೇವೆ.

ಇಷ್ಟು ಹೊತ್ತು ಎದ್ದು ಹೋಗದೆ ಕೇಳಿದ್ದಕ್ಕೆ ನಿಮಗೆ ಕೃತಜ್ಞಳು. ಮುಂದಿನ ಸಾಲಿನಲ್ಲಿ ಕೂತೇ ಇದ್ದ ದೊಡ್ಡಕ್ಕನಿಗೆ ಎಲ್ಲರಿಗಿಂತ ಹೆಚ್ಚು ಕೃತಜ್ಞಳು. ನಮಸ್ಕಾರ.

ಎರಡೂ ಲಕೋಟೆಗಳನ್ನು ಅಂಚೆಗೆ ಹಾಕುವ ದಿನ: ಸೋಮವಾರ, ಮಾರ್ಚ್ ಹದಿನೇಳು.